ಅತ್ತೆಯವರಿಗೊಂದು ಡಬ್ಬಿ

ಜೂನ್ 4, ಭಾನುವಾರ

ಅತ್ತೆಯವರು ಮಗಳ ಬಾಣಂತನಕ್ಕೆಂದು ಬಂದಿಳಿದರು. ಸಾಮಾನು ಹೆಚ್ಚಿಲ್ಲ. ಎರಡು ಸೂಟ್‌ಕೇಸು, ಒಂದು ಪೌಡರ್ ಡಬ್ಬ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಪಳಗಿದ ಒಂದು ಗಂಟಲು. ಆ ಗಂಟಲನ್ನು ಯಾವ ಕೋಣೆಯಲ್ಲಿಟ್ಟರೂ ಇಡೀ ಮನೆಗೆ ಕೇಳುತ್ತದೆ.

ಮಗು ಮಲಗುವ ಕೋಣೆಯ ಬಾಗಿಲಿಗೆ ನಾನು ಅಂಟಿಸಿದ್ದ ನಿಯಮಗಳನ್ನು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು. ಸೋಪು ಹಾಕಿ ಕೈ ತೊಳೆಯದೆ ಒಳಗೆ ಬರಬಾರದು. ಮಗುವಿನ ಮುಖಕ್ಕೆ ಮುತ್ತು ಕೊಡಬಾರದು. ನೆಗಡಿ, ಕೆಮ್ಮು ಇದ್ದವರು ಹೊಸ್ತಿಲಾಚೆ ನಿಲ್ಲಬೇಕು. ಓದಿ ಮುಗಿಸಿ ಮಗಳ ಕಡೆ ತಿರುಗಿ, "ಇದೇನೇ, ಮನೇನೋ ಚೆಕ್‌ಪೋಸ್ಟೋ" ಎಂದರು.

ಹೆಂಡತಿ ಮಗುವಿನ ಬಟ್ಟೆ ಮಡಿಸುತ್ತಲೇ ಇದ್ದಳು. ಅವಳು ಕೋರ್ಟಿನಲ್ಲಿ ಸ್ಟೆನೋಗ್ರಾಫರ್. ಎರಡೂ ಕಡೆಯ ವಾದ ಕೇಳಿ ಮುಖದಲ್ಲಿ ಏನೂ ತೋರಿಸದಿರುವುದಕ್ಕೇ ಅವಳಿಗೆ ಸಂಬಳ.

ಸಂಜೆ ಅತ್ತೆಯವರು ತಮ್ಮ ತಂಗಿಗೆ ಫೋನು ಹಚ್ಚಿದರು. "ಅಳಿಯಂದಿರ ಕೆಲಸ ಏನು ಅಂದ್ಯಾ? ಊರವರ ಕಕ್ಕಸು ತರಿಸ್ಕೊಂಡು ಅದರಲ್ಲಿ ಏನಿದೆ ಅಂತ ನೋಡೋದು. ಹೂಂ ಕಣೇ, ಓದಿದ್ದಾರೆ. ಅದನ್ನೇ ಓದಿದ್ದಾರೆ."

ವಿವರಣೆಯಲ್ಲಿ ತಪ್ಪಿಲ್ಲ. ಹೊಟ್ಟೆ ಉರಿಸಿದ್ದೂ ಅದೇ.

ಜೂನ್ 7, ಬುಧವಾರ

ಬಸ್ಸಿನಲ್ಲಿ ಕೂತು ಅತ್ತೆಯವರಿಗೆ ಹೇಳಬೇಕಾದ ಭಾಷಣವನ್ನು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡೆ. ಅಮ್ಮಾವ್ರೇ, ನಮ್ಮದು ವೈರಸ್ ಲ್ಯಾಬು. ಆಸ್ಪತ್ರೆಗಳಿಂದ ಮಲದ ಡಬ್ಬಿ ಬರುತ್ತದೆ, ಬೆನ್ನುಹುರಿಯ ನೀರು ಬರುತ್ತದೆ, ಊರಿನ ಚರಂಡಿ ನೀರೂ ಬರುತ್ತದೆ. ಎಂಟೆರೊವೈರಸ್ ಎಂಬ ಕುಲದಲ್ಲಿ ನೂರಕ್ಕೂ ಮಿಕ್ಕಿ ತಳಿಗಳಿವೆ. ಪೋಲಿಯೋ ಕೂಡ ಅದೇ ಕುಲದ ಕುಡಿ. ಒಂದು ತಳಿ ಕೈಕಾಲಿಗೆ ಬೊಬ್ಬೆ ತರಿಸುತ್ತದೆ, ಇನ್ನೊಂದು ಮಿದುಳಿನ ಪೊರೆಗೇ ಕೈ ಹಾಕುತ್ತದೆ. ಈ ವರ್ಷ ಊರಿನಲ್ಲಿ ಯಾರು ಓಡಾಡುತ್ತಿದ್ದಾರೆ ಎಂದು ಕಾವಲು ಕಾಯುವವರು ನಾವು.

ಭಾಷಣ ಚೆನ್ನಾಗಿತ್ತು. ಮನೆಗೆ ಬಂದರೆ ಅತ್ತೆಯವರು ನಿದ್ದೆ ಹೋಗಿದ್ದರು.

ಲ್ಯಾಬಿನಲ್ಲಿ ಮತ್ತೆ ಪಾರೆಕೊವೈರಸ್ ಮಾತೆತ್ತಿದೆ. ಇದು ಎಂಟೆರೊವೈರಸ್ಸಿನ ದಾಯಾದಿ. ಕೂಸುಗಳ ಮೇಲೇ ಇದರ ಕಣ್ಣು, ಎಂಟೆರೊ ಪರೀಕ್ಷೆಯಲ್ಲಿ ಇದು ಸಿಗುವುದೇ ಇಲ್ಲ, ಬೇರೆಯೇ ಪರೀಕ್ಷೆ ಬೇಕು. ಅದನ್ನು ಹೋದ ವರ್ಷ ನಿಲ್ಲಿಸಿದ್ದಾರೆ. ನಮ್ಮ ಮುಖ್ಯಸ್ಥರು ಯಾವುದಕ್ಕೂ ಒಂದೇ ಉತ್ತರ ಕೊಡುವವರಾದ್ದರಿಂದ ನಾವು ಅವರನ್ನು ಸಾಕು ಸಾಹೇಬರು ಎಂದು ಕರೆಯುತ್ತೇವೆ.

"ಎಂಟೆರೊ ನೋಡ್ತಿದ್ದೀವಲ್ಲ, ಸಾಕು."

"ಸರ್, ಪಾರೆಕೊ ಇದ್ರೆ ಗೊತ್ತಾಗೋದು ಹೇಗೆ?"

"ವರ್ಷದಿಂದ ಒಂದು ಕೇಸೂ ಇಲ್ವಲ್ಲ."

"ನಾವು ನೋಡಿಲ್ಲ ಸರ್, ಅದಕ್ಕೆ ಇಲ್ಲ."

"ಅಷ್ಟು ಸಾಕು," ಎಂದು ಎದ್ದು ಹೋದರು.

ನನ್ನ ಪಕ್ಕದ ಬೆಂಚಿನ ಸಹೋದ್ಯೋಗಿ, ನಾವು ಪಿಪೆಟ್ ರಾಣಿ ಎನ್ನುವಾಕೆ, ತಲೆ ಎತ್ತದೆ ಹೇಳಿದಳು: "ಪಾರೆಕೊ ಪರೀಕ್ಷೆಗೆ ಬೇಕಾದ ಪ್ರೈಮರ್ ಇನ್ನೂ ಫ್ರೀಜರ್‌ನಲ್ಲೇ ಇದೆ. ಎಸೀರಿ ಅಂದ್ರು. ನನಗೆ ಕಿವಿ ಕೇಳಿಸಲಿಲ್ಲ."

ಜೂನ್ 11, ಭಾನುವಾರ

ಅತ್ತೆಯವರು ಮಗುವಿನ ಪಾದಕ್ಕೆ ಮುತ್ತು ಕೊಡುತ್ತಿದ್ದಾಗ ಸಿಕ್ಕಿಬಿದ್ದರು. "ಮುಖಕ್ಕೆ ಬೇಡ ಅಂತ ತಾನೆ ಬರೆದಿರೋದು?" ಎಂದು ವಾದ. ನಿಯಮಕ್ಕೆ ತಿದ್ದುಪಡಿ ತಂದೆ: ಮಗುವಿನ ಯಾವ ಭಾಗಕ್ಕೂ. ಅವರು ಮಗುವಿನ ಟೋಪಿಗೆ ಮುತ್ತು ಕೊಟ್ಟು ನನ್ನ ಮುಖ ನೋಡಿದರು.

ಎರಡು ದಿನದಿಂದ ನನಗೆ ಸೀನು. ಅವರ ಪೌಡರಿನ ಘಾಟು ನನಗೆ ಆಗಿಬರುವುದಿಲ್ಲ. ಡಬ್ಬವನ್ನು ಬೀರುವಿನ ನೆತ್ತಿಗೆ ಏರಿಸಿ ಏನೂ ಅರಿಯದವನಂತೆ ಪೇಪರು ಹಿಡಿದು ಕೂತೆ.

ಜೂನ್ 12, ಸೋಮವಾರ

ಬೆಳಕು ಹರಿಯುವ ಮೊದಲೇ ಫೋನು ರಿಂಗಾಯಿತು. "ನಮಸ್ಕಾರ. ಎಬ್ಬಿಸುವ ಸೇವೆಯಿಂದ ಮಾತಾಡ್ತಿದ್ದೀವಿ. ತಮ್ಮ ಮನೆಯಲ್ಲಿ ಒಂದು ಪೌಡರ್ ಡಬ್ಬ ಕಾಣೆಯಾಗಿದೆ. ದಯವಿಟ್ಟು ಲೈನಲ್ಲಿರಿ." ಪಕ್ಕದ ಕೋಣೆಯಿಂದ ಅತ್ತೆಯವರು, ಅಪ್ಪಟ ಡ್ಯೂಟಿಯ ದನಿಯಲ್ಲಿ.

ಡಬ್ಬ ಇಳಿಸಿ ಕೊಟ್ಟೆ. ಸೋತೆನೆಂದಲ್ಲ. ನಿದ್ದೆ ಮುಖ್ಯ.

ಜೂನ್ 15, ಗುರುವಾರ

ಅತ್ತೆಯವರಿಗೂ ನನಗೂ ನೇರ ಮಾತಿಲ್ಲ. "ನಿಮ್ಮ ಯಜಮಾನರಿಗೆ ಕಾಫಿ ಆರ್ತಿದೆ ಅಂತ ಹೇಳು." "ಕುಡಿದಾಯ್ತು ಅಂತ ನಿಮ್ಮಮ್ಮನಿಗೆ ಹೇಳು." ಹೆಂಡತಿ ಮಗುವಿಗೆ ಹಾಲೂಡಿಸುತ್ತ, "ಎರಡೂ ಹೇಳಿಕೆ ದಾಖಲಾಗಿದೆ," ಎಂದಳು.

ಜೂನ್ 18, ಭಾನುವಾರ

ಮಗು ಬೆಳಿಗ್ಗೆಯಿಂದ ಹಾಲಿಗೆ ಬಾಯಿ ಹಚ್ಚುತ್ತಿಲ್ಲ. ಮೈ ಕೆಂಡ. ಅಂಗೈ ಅಂಗಾಲು ಕೆಂಪು. ಎತ್ತಿಕೊಂಡರೆ ಸುಮ್ಮನಾಗುವ ಕೂಸು ಎತ್ತಿಕೊಂಡರೇ ಕಿರುಚುತ್ತಿದೆ. ಆಸ್ಪತ್ರೆಗೆ ಸೇರಿಸಿದೆವು.

ಜೂನ್ 19, ಸೋಮವಾರ

ಬೆನ್ನಿನಿಂದ ನೀರು ತೆಗೆದರು. ಹೊರಗೆ ನಿಂತಿದ್ದೆ. ಇಂಥ ಸಾವಿರಾರು ಸೀಸೆ ನೋಡಿದ್ದೇನೆ. ಒಂದರ ಹಿಂದೆಯೂ ಅಳು ಕೇಳಿರಲಿಲ್ಲ.

ನೀರು ತಿಳಿಯಾಗಿದೆ. ಎಂಟೆರೊವೈರಸ್ ಇಲ್ಲ. ಮಕ್ಕಳ ಡಾಕ್ಟರು, "ಬ್ಯಾಕ್ಟೀರಿಯಾ ಇರಬಹುದು, ಇಲ್ಲದಿರಬಹುದು. ಇಷ್ಟು ಚಿಕ್ಕ ಮಗು, ನಾವು ಕಾಯೋ ಹಾಗಿಲ್ಲ," ಎಂದು ಎರಡು ಬಗೆಯ ಆಂಟಿಬಯಾಟಿಕ್ ಶುರು ಮಾಡಿದರು. ಅವರು ಮಾಡಿದ್ದೇ ಸರಿ. ಹಿಡಿಯಷ್ಟು ಕೈಗೆ ಸೂಜಿ ಚುಚ್ಚಿ ಪಟ್ಟಿ ಕಟ್ಟಿದ್ದಾರೆ.

ಅತ್ತೆಯವರು ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದಾರೆ. ಯಾರಿಗೂ ಫೋನು ಮಾಡಿಲ್ಲ.

ಜೂನ್ 20, ಮಂಗಳವಾರ

ಇನ್ನೂ ಎರಡು ಕೂಸುಗಳು ಅದೇ ವಾರ್ಡಿನಲ್ಲಿ, ಅದೇ ಕೆಂಪು, ಅದೇ ಕಿರುಚಾಟ. ಅವಕ್ಕೂ ಎಂಟೆರೊ ಇಲ್ಲ. ಡಾಕ್ಟರ ಹತ್ತಿರ ಪಾರೆಕೊ ಎಂದೆ. "ಎಲ್ಲಿ ಮಾಡ್ತಾರೆ?" ಎಂದರು. ಎಲ್ಲೂ ಮಾಡುವುದಿಲ್ಲ ಎನ್ನಲು ನಾಚಿಕೆಯಾಯಿತು. "ಕಳಿಸಿಕೊಡಿ," ಎಂದೆ.

ಮೂರು ಸೀಸೆಗಳ ಚೀಟಿ ಹಿಡಿದು ಸಾಕು ಸಾಹೇಬರ ಮುಂದೆ ನಿಂತೆ. ಮಾತು ಸಾಲಾಗಿ ಬರಲಿಲ್ಲ. ನೂರಕ್ಕೂ ಮಿಕ್ಕಿ ತಳಿಗಳು ಎಂದು ಶುರು ಮಾಡಿ, ಹಿಡಿಯಷ್ಟು ಕೈ ಎಂದು ಮುಗಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಾಕು," ಎಂದರು. "ವಾದ ಸಾಕು. ಹೋಗಿ ಪರೀಕ್ಷೆಗೆ ಹಚ್ಚಿ. ನಿಮ್ಮ ಮಗುದನ್ನ ನೀವು ಮುಟ್ಟಬೇಡಿ, ಬೇರೆಯವರು ಮಾಡಲಿ."

ಪಿಪೆಟ್ ರಾಣಿ ಆಗಲೇ ಕೈಗವಸು ಹಾಕಿ ನಿಂತಿದ್ದಳು. "ಹೊರಗೆ ಹೋಗಿ," ಎಂದು ನನ್ನ ಬೆಂಚಿನಿಂದಲೇ ನನ್ನನ್ನು ಎಬ್ಬಿಸಿದಳು.

ಜೂನ್ 21, ಬುಧವಾರ

ಪಾರೆಕೊ. ಮೂರಕ್ಕೆ ಮೂರೂ.

ಜೂನ್ 22, ಗುರುವಾರ

ತಳಿಯೂ ಗೊತ್ತಾಯಿತು: ಮೂರನೆಯದು. ಕೂಸುಗಳನ್ನು ಹೀಗೆ ಕೆಂಪಾಗಿಸುವುದರಲ್ಲಿ ಹೆಸರುವಾಸಿ. ರಕ್ತದಲ್ಲಿಯೂ ಬ್ಯಾಕ್ಟೀರಿಯಾ ಬೆಳೆದಿಲ್ಲ. ಡಾಕ್ಟರು ಆಂಟಿಬಯಾಟಿಕ್ ನಿಲ್ಲಿಸಿ, ಸೂಜಿ ತೆಗೆಸಿದರು. ಜ್ವರ ಇಳಿಮುಖ. ಇನ್ನೂ ಗಂಡಾಂತರ ದಾಟಿತೆಂದು ಹೇಳುವಂತಿಲ್ಲ, ಕೆಲವು ಮಕ್ಕಳಲ್ಲಿ ಇದು ಮಿದುಳಿಗೆ ತಾಗುತ್ತದೆ, ಕಣ್ಣಿಟ್ಟಿರಬೇಕು ಎಂದರು.

ಬೆಂಚಿನಲ್ಲಿ ಅತ್ತೆಯವರ ಪಕ್ಕ ಕೂತು ವಿಷಯ ಹೇಳಿದೆ. ನೇರವಾಗಿಯೇ. ಹೆಂಡತಿ ಒಳಗೆ ಮಗುವಿನ ಜೊತೆ ಇದ್ದಳು, ಬೇರೆ ದಾರಿ ಇರಲಿಲ್ಲ.

"ಅದಕ್ಕೆ ಔಷಧಿ ಏನು?"

"ಇಲ್ಲ. ಮೈಯೇ ವಾಸಿ ಮಾಡ್ಕೋಬೇಕು."

"ಇಷ್ಟೆಲ್ಲ ಓದಿ ಬರೀ ಹೆಸರು ಕಂಡುಹಿಡಿದ್ರಾ?"

"ಹೆಸರು ಗೊತ್ತಾಗಿದ್ದಕ್ಕೆ ಬೇಡದ ಔಷಧಿ ನಿಂತಿತು. ಸೂಜಿ ತೆಗೆದ್ರು."

ಅವರು ಚೀಲದ ಜಿಪ್ ಎಳೆದರು. "ರಾಂಗ್ ನಂಬರ್ ಅಂತ ಗೊತ್ತಾದ್ರೆ ಲೈನ್ ಬಿಟ್ಟುಬಿಡಬಹುದು. ಹಾಗೆ ತಾನೆ?"

ಹೌದು, ಹಾಗೆಯೇ. ಬಸ್ಸಿನಲ್ಲಿ ಕೂತು ಕಟ್ಟಿದ ನನ್ನ ಇಡೀ ಭಾಷಣದಲ್ಲಿ ಇಷ್ಟು ಚಿಕ್ಕ ವಾಕ್ಯ ಒಂದೂ ಇರಲಿಲ್ಲ. ಅವರು ಚೀಲದಿಂದ ಬನ್ನು ತೆಗೆದು ಅರ್ಧ ಮುರಿದು ಕೊಟ್ಟರು. ಕೈ ತೊಳೆದಿದ್ದರೋ ಇಲ್ಲವೋ ಕೇಳಲು ಮರೆತೆ.

ಜೂನ್ 24, ಶನಿವಾರ

ಮನೆಯಲ್ಲಿ ವೈರಸ್ಸನ್ನು ಯಾರು ತಂದರು? ದೊಡ್ಡವರಲ್ಲಿ ಇದು ಬರೀ ನೆಗಡಿಯಂತೆ ಬಂದುಹೋಗುತ್ತದೆ, ಕೆಲವರಿಗೆ ಅದೂ ಇಲ್ಲ. ಆದರೆ ಹೊಟ್ಟೆಯಲ್ಲಿ ವಾರಗಟ್ಟಲೆ ಕೂತಿರುತ್ತದೆ. ಮೂರೂ ಮನೆಗಳವರ ಸ್ಯಾಂಪಲ್ ಬೇಕೆಂದು ಸಾಕು ಸಾಹೇಬರೇ ಹೇಳಿದರು. ಒಪ್ಪಿದವರದು ಮಾತ್ರ.

ಹೆಂಡತಿ ಒಪ್ಪಿದಳು. ನಾನು ಒಪ್ಪಿದೆ. ಉಳಿದವರು ಒಬ್ಬರು.

ಅಳಿಯನಾದವನು ಅತ್ತೆಯ ಹತ್ತಿರ ಏನೇನು ಕೇಳಬಹುದು ಎಂಬುದಕ್ಕೆ ಲೋಕದಲ್ಲಿ ಒಂದು ಎಲ್ಲೆ ಇದೆ. ನಾನು ಆ ಎಲ್ಲೆಯ ಆಚೆ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ಹಿಡಿದು ನಿಂತಿದ್ದೆ.

"ಏನದು, ಕುಂಕುಮದ ಭರಣಿ ಥರ ಇದೆ?"

"ಪರೀಕ್ಷೆಗೆ. ಮನೆಯವರೆಲ್ಲರದೂ ಬೇಕಂತೆ."

"ಉಗುಳೋದಾ?"

"ಅಲ್ಲ."

"ಒಂದಕ್ಕಾ?"

ನಾನು ಗೋಡೆ ನೋಡಿದೆ. "ಎರಡಕ್ಕೆ."

ಎಕ್ಸ್‌ಚೇಂಜಿನಲ್ಲಿ ಎಲ್ಲ ಲೈನೂ ಒಮ್ಮೆಗೇ ಸತ್ತಂಥ ಮೌನ. ಆಮೇಲೆ ಡಬ್ಬಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಮುಚ್ಚಳಕ್ಕೆ ಅಂಟಿಕೊಂಡ ಪುಟ್ಟ ಚಮಚ ಕಂಡು ಹುಬ್ಬೇರಿಸಿದರು.

"ಅಳಿಯಂದ್ರಿಗೆ ವಾಚು ಕೊಟ್ಟೆ. ಸೂಟು ಹೊಲಿಸಿಕೊಟ್ಟೆ. ಇದೊಂದು ಬಾಕಿ ಇತ್ತು ನೋಡಿ."

"ಬಲವಂತ ಇಲ್ಲ."

"ಮೊಮ್ಮಗಳಿಗೋಸ್ಕರ ಅಂದ್ರೆ ಕಿಡ್ನಿನೇ ಕೊಡ್ತೀನಿ, ಇದಕ್ಕೇನು ಜಿಪುಣತನ," ಎಂದು ಹೊರಟವರು ಬಚ್ಚಲ ಬಾಗಿಲಲ್ಲಿ ತಿರುಗಿದರು. "ಪೂರ್ತಿ ತುಂಬಬೇಕಾ?"

ಒಂದು ಚಮಚ ಸಾಕು ಎಂದೆ. ಹೆಂಡತಿ ಆಸ್ಪತ್ರೆಯಲ್ಲಿ ಇದನ್ನು ಕೇಳಿ ಬಿದ್ದೂ ಬಿದ್ದೂ ನಕ್ಕಳು. ಈ ವಾರದಲ್ಲಿ ಅವಳು ನಕ್ಕಿದ್ದು ಇದೇ ಮೊದಲು.

ನನಗೆ ಒಳಗೊಳಗೆ ಖಾತ್ರಿಯಿತ್ತು, ಅವರದೇ ಪಾಸಿಟಿವ್ ಬರುತ್ತದೆ ಎಂದು. ದೂರದಿಂದ ಬಂದವರು. ಪಾದಕ್ಕೆ ಮುತ್ತು, ಟೋಪಿಗೆ ಮುತ್ತು.

ಜೂನ್ 27, ಮಂಗಳವಾರ

ಹೆಂಡತಿ: ನೆಗೆಟಿವ್. ಅತ್ತೆ: ನೆಗೆಟಿವ್.

ನಾನು: ಪಾರೆಕೊ, ಮೂರನೆಯ ತಳಿ. ಮಗುವಿನ ವೈರಸ್ಸಿಗೂ ನನ್ನದಕ್ಕೂ ಜೀನಿನ ಬರಹದಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲ.

ಪಿಪೆಟ್ ರಾಣಿ ಎರಡು ಸಲ ಮಾಡಿ ನೋಡಿದಳು, ನನಗಾಗಿ ಮೂರನೇ ಸಲವೂ. ಲ್ಯಾಬಿನಿಂದ ಬಂದದ್ದಲ್ಲ, ವರ್ಷದಿಂದ ನಾವು ಪಾರೆಕೊ ಕಡೆ ತಿರುಗಿಯೂ ನೋಡಿಲ್ಲ, ಹೊರಗೆ ಎಲ್ಲೋ ಹತ್ತಿಕೊಂಡಿದೆ ಎಂದು ಸಮಾಧಾನ ಹೇಳಿದಳು. ಸೀನು ಶುರುವಾದದ್ದು ಯಾವಾಗ ಎಂದು ಕೇಳಿದಳು. ಅದು ಪೌಡರು ಎಂದೆ. ಅವಳು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು.

ಆಸ್ಪತ್ರೆಗೆ ಹೋದೆ, ಆದರೆ ವಾರ್ಡಿನೊಳಗೆ ಕಾಲಿಡಲಿಲ್ಲ. ಕಾರಿಡಾರಿನ ಬೆಂಚಿನಲ್ಲಿ ಅತ್ತೆಗೆ ಹೇಳಿದೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ಅವರು ಹೇಳುವ ಮೊದಲು ನಾನೇ ಹೇಳಿಬಿಟ್ಟೆ.

ಅವರು ನಗಲಿಲ್ಲ. "ಮಗುಗೆ ಮುತ್ತು ಕೊಟ್ಟಿದ್ರಲ್ಲ," ಎಂದರು.

ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದೆ. ದಿನಾ ಬೆಳಿಗ್ಗೆ ಎಲ್ಲರೂ ಮಲಗಿರುವಾಗ, ಹಣೆಗೆ. ಒಂದೇ ಒಂದು.

"ನಿಮಗೆ ಹೇಗೆ ಗೊತ್ತು?"

"ಆಪರೇಟರ್ ಕಿವಿ. ಮೊದಲನೇ ದಿನವೇ ಕೇಳಿಸ್ತು."

"ಮತ್ತೆ ಹಿಡಿದುಹಾಕಲಿಲ್ಲ ಯಾಕೆ? ನಿಯಮ ಬರೆದವನೇ ನಾನು."

"ಅಪ್ಪ ಮಗಳಿಗೆ ಮುತ್ತು ಕೊಡೋ ಲೈನ್ ಅದು. ಅದನ್ನ ಮಧ್ಯೆ ಕತ್ತರಿಸೋ ಆಪರೇಟರ್ ನಾನಲ್ಲ." ಸೆರಗಿನಿಂದ ಮೂಗೊರೆಸಿಕೊಂಡರು. "ತಂದವರು ನೀವೇ ಇರಬಹುದು. ಕಂಡುಹಿಡಿದವರೂ ನೀವೇ. ನಾನಾಗಿದ್ರೆ ತಂದು ಸುಮ್ಮನೆ ಕೂತಿರ್ತಿದ್ದೆ, ಯಾರಿಗೂ ಗೊತ್ತಾಗ್ತಿರಲಿಲ್ಲ. ಈಗ ಅಳೋದಾದ್ರೆ ಬೇಗ ಅತ್ತು ಮುಗಿಸಿ. ನನ್ನ ಮಗಳು ಒಳಗಡೆ ಒಬ್ಬಳೇ ಇದ್ದಾಳೆ."

ಅತ್ತೆನೆಂದು ಇಲ್ಲಿ ಬರೆಯುವ ಅಗತ್ಯವಿಲ್ಲ. ಕಾರಿಡಾರಿನಲ್ಲಿ ಫಿನಾಯಿಲ್ ಘಾಟು ಜಾಸ್ತಿ.

ಆಮೇಲೆ ಅತ್ತೆಯೇ ನನ್ನ ಕೈ ತೊಳೆಸಿದರು. ಉಗುರಿನ ಸಂದಿಯನ್ನೂ ತೋರಿಸಿ ಪಾಸಾದ ಮೇಲೆ, ಮಾಸ್ಕು ಕಟ್ಟಿಸಿ ಒಳಗೆ ಬಿಟ್ಟರು.

ಜೂನ್ 29, ಗುರುವಾರ

ಮಗು ಗಟಗಟ ಹಾಲು ಕುಡಿಯಿತು. ಕುಡಿದು ನನ್ನ ಅಂಗಿಯ ಮೇಲೆ ಕಕ್ಕಿತು. ಅಂಗಿ ಬದಲಿಸದೆ ಲ್ಯಾಬಿಗೆ ಹೋದೆ.

ಫ್ರೀಜರಿನಲ್ಲಿ ಕೂಡಿಟ್ಟ ಹಳೆಯ ಚರಂಡಿ ನೀರನ್ನೆಲ್ಲ ತೆಗೆದು ನೋಡಿದೆವು. ಏಪ್ರಿಲ್‌ನದರಲ್ಲಿ ಏನೂ ಇಲ್ಲ. ಮೇ ತಿಂಗಳಿನದರಲ್ಲಿ ಮೂರನೆಯ ತಳಿ ಸಂತೆಯಂತೆ ನೆರೆದಿದೆ. ಊರೆಲ್ಲ ತಿರುಗಾಡಿ ನಮ್ಮ ಬಾಗಿಲ ಮುಂದೆಯೇ ಹರಿದುಹೋಗಿದೆ, ನಾವು ಎಂಟೆರೊ ಇಲ್ಲ ಎಂದು ಬರೆದು ಸಹಿ ಹಾಕಿದ್ದೇವೆ.

ಸಾಕು ಸಾಹೇಬರು ಗ್ರಾಫ್ ಹಿಡಿದು ಬಹಳ ಹೊತ್ತು ಕೂತಿದ್ದರು. ಹೇಳಿರಲಿಲ್ಲವೇ ಎನ್ನುವ ಆಸೆ ನನ್ನ ನಾಲಿಗೆಯ ತುದಿಯಲ್ಲಿತ್ತು. "ಎಲ್ಲ ಮಕ್ಕಳ ಆಸ್ಪತ್ರೆಗಳಿಗೂ ಇವತ್ತೇ ತಿಳಿಸಿ," ಎಂದರು. "ಒಂದು ಆಸ್ಪತ್ರೆಯ ಸ್ಯಾಂಪಲ್ ಸಾಲಲ್ಲ."

ಸಾಲಲ್ಲ ಎಂದರು. ಪಿಪೆಟ್ ರಾಣಿ ಕಿವಿ ಮುಟ್ಟಿ ನೋಡಿಕೊಂಡಳು.

ಜುಲೈ 2, ಭಾನುವಾರ

ಮಗು ಮನೆಗೆ ಬಂತು. ಮಿದುಳಿನ ಸ್ಕ್ಯಾನ್ ಚೆನ್ನಾಗಿದೆ. ಆಗಾಗ ತೋರಿಸುತ್ತಿರಬೇಕು.

ನನ್ನ ನಿಯಮಗಳ ಚೀಟಿಯ ಕೆಳಗೆ ಅತ್ತೆ ದುಂಡಗಿನ ಅಕ್ಷರದಲ್ಲಿ ಸೇರಿಸಿದ್ದಾರೆ: ಮೇಲಿನ ಎಲ್ಲವೂ ವಿಜ್ಞಾನಿಗಳಿಗೂ ಅನ್ವಯ. ನಾನು ನಡುಮನೆಯ ಸೋಫಾದ ಮೇಲೆ ಮಲಗುತ್ತಿದ್ದೇನೆ. ನನ್ನ ತಟ್ಟೆ ಬೇರೆ, ಲೋಟ ಬೇರೆ, ಟವೆಲ್ ಬೇರೆ. ಮನೆಗೆ ಬಂದ ಪಕ್ಕದ ಮನೆಯಾಕೆಗೆ ಅತ್ತೆ, "ಅಳಿಯಂದ್ರು ಸದ್ಯಕ್ಕೆ ಔಟ್ ಆಫ್ ಆರ್ಡರ್," ಎಂದು ವಿವರಿಸಿದರು.

ಜುಲೈ 8, ಶನಿವಾರ

ಲ್ಯಾಬಿನ ಪತ್ರಿಕೆ ಹೊರಬಂತು. ಪಾರೆಕೊ ಮತ್ತೆ ನಮ್ಮ ಕಾವಲಿನೊಳಗೆ ಸೇರಿದೆ. ಬೇರೆ ಆಸ್ಪತ್ರೆಗಳಲ್ಲೂ ಕೂಸುಗಳು ಸಿಕ್ಕಿವೆ, ಬೇಗ ಸಿಕ್ಕಿವೆ, ಬೇಗ ಮನೆಗೆ ಹೋಗುತ್ತಿವೆ. ಕೋಷ್ಟಕದಲ್ಲಿ ನಾನೂ ಇದ್ದೇನೆ: ಮನೆಯ ಸಂಪರ್ಕ, ವಯಸ್ಕ ಪುರುಷ.

ಅತ್ತೆ ಫೋನು ಹಿಡಿದಿದ್ದರು. "ನಮ್ಮ ಅಳಿಯ ಪತ್ರಿಕೇಲಿ ಬಂದಿದ್ದಾರೆ ಕಣೇ. ಹೆಸರು ಹಾಕಿಲ್ಲ. ಆದ್ರೆ ಕಕ್ಕಸು ಅವರದೇ, ನಂಗೆ ಗೊತ್ತು." ಸ್ವಲ್ಪ ತಡೆದು, "ಲೇ, ನಗಬೇಡ. ಆ ಮನುಷ್ಯ ನೋಡದೆ ಇದ್ದಿದ್ರೆ ಎಷ್ಟು ಮನೆಯವರು ಅಳ್ತಿದ್ರೋ," ಎಂದರು.

ಅವರು ಕೊಟ್ಟ ಚಹಾದಲ್ಲಿ ಸಕ್ಕರೆ ಹೆಚ್ಚಾಗಿತ್ತು. ಪೂರ್ತಿ ಕುಡಿದೆ.

ಜುಲೈ 16, ಭಾನುವಾರ

ಮಗಳು ಗಟ್ಟಿಯಾದಳು, ಮೊಮ್ಮಗಳೂ ಗಟ್ಟಿಯಾದಳು, ಇನ್ನು ಹೊರಡುತ್ತೇನೆಂದು ಬೆಳಿಗ್ಗೆಯೇ ಸೂಟ್‌ಕೇಸು ತೆರೆದು ಕೂತಿದ್ದರು. ಹೆಂಡತಿ ಸೀರೆ ಮಡಿಸಿಕೊಡುತ್ತ ಮೂಗು ಎಳೆದುಕೊಳ್ಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಒಂದು ತಾಂತ್ರಿಕ ತೊಂದರೆ ನೆನಪಾಯಿತು.

"ನೀವು ಈಗ ಹೋಗೋ ಹಾಗಿಲ್ಲ," ಎಂದೆ. "ವೈರಸ್ಸು ನನ್ನ ಹೊಟ್ಟೇಲಿ, ಮಗು ಹೊಟ್ಟೇಲಿ ಇನ್ನೂ ಇರಬಹುದು. ಅದು ಮನೇಲಿ ಬೇರೆಯವರಿಗೆ ಹರಡತ್ತಾ ಅಂತ ನೋಡಬೇಕು. ಅದಕ್ಕೆ ಹತ್ತದೆ ಇರೋರು ಬೇಕು. ನೆಗೆಟಿವ್ ಕಂಟ್ರೋಲ್ ಅಂತೀವಿ."

"ಇವಳಿದ್ದಾಳಲ್ಲ."

"ಒಬ್ಬರು ಸಾಲಲ್ಲ. ಇಬ್ಬರು ಇದ್ರೇನೇ ಅದು ವಿಜ್ಞಾನ."

"ಎಷ್ಟು ದಿನ?"

"ಹೇಳೋಕಾಗಲ್ಲ. ಕೆಲವು ವೈರಸ್ಸು ತಿಂಗಳುಗಟ್ಟಲೆ ಇರತ್ತೆ. ಬೇರೆ ಬೇರೆ ಕಾಲದಲ್ಲಿ ನೋಡಬೇಕು. ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ."

ಅವರು ಕೈಯಲ್ಲಿದ್ದ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡಿದರು. "ಅಳಿಯಂದ್ರೇ, ಇರಿ ಅಂತ ಒಂದು ಮಾತು ಹೇಳೋಕೆ ಇಷ್ಟೊಂದು ವಿಜ್ಞಾನ ಬೇಕಾ?"

ಹೆಂಡತಿ ಬೇರೆ ಕಡೆ ತಿರುಗಿಕೊಂಡಳು. ಭುಜ ಅಲುಗುತ್ತಿತ್ತು. ಕೋರ್ಟಿನಲ್ಲಿ ಹೀಗೆ ಮಾಡಿದರೆ ಅವಳ ಕೆಲಸ ಹೋಗುತ್ತದೆ.

ಸಂಜೆ ಹೊತ್ತಿಗೆ ಸೂಟ್‌ಕೇಸು ಖಾಲಿಯಾಗಿ ಮಂಚದ ಕೆಳಗೆ ಸೇರಿತು. ಅವರಿಗೆ ವಿಷಯ ತಪ್ಪಾಗಿ ಅರ್ಥವಾಗಿದೆ. ಇದರಲ್ಲಿ ನನ್ನ ಸ್ವಂತದ್ದು ಏನೂ ಇಲ್ಲ, ಪ್ರಯೋಗದ ವಿನ್ಯಾಸವೇ ಹಾಗಿದೆ. ನಾಳೆ ಬಿಡುವಾದಾಗ ಅಮ್ಮನಿಗೆ ನಿಧಾನವಾಗಿ ಬಿಡಿಸಿ ಹೇಳಬೇಕು.